ಎಂಎಲ್

ಕೆನ್ನಾಳಿನ ಡೇರಿಯಲ್ಲಿ ಹಾಲು ಅಳೆಯುವವಳು ನಾನು.
ಬೆಳಗ್ಗೆ ಆರಕ್ಕೆ ಲ್ಯಾಕ್ಟೋಮೀಟರ್ ಮುಳುಗಿಸಿ
ಯಾರು ನೀರು ಬೆರೆಸಿದರೆಂದು
ಮುಖ ನೋಡದೆ ಹೇಳಬಲ್ಲೆ.

ಇಲ್ಲಿ, ಮೈಸೂರಿನ ಮಕ್ಕಳ ವಾರ್ಡಿನಲ್ಲಿ,
ಹನ್ನೊಂದನೇ ಮಂಚದ ಕೆಳಗೊಂದು ಬಾಟ್ಲಿ.
ಋತ್ವಿಯ ಪಕ್ಕೆಲುಬಿನ ಸಂದಿಯಿಂದ ಇಳಿದ ಪೈಪು
ಅದರ ನೀರಿಗೆ ಮೂತಿ ಇಟ್ಟಿದೆ,
ಬಾಯಾರಿದ ಕರುವಿನ ಹಾಗೆ.

ಮೊದಲ ದಿನ ಬಂದದ್ದು ಮುನ್ನೂರ ನಲವತ್ತು.
ಗಿಣ್ಣಿನ ಬಣ್ಣ.
ಹಾಗಂದುಕೊಂಡದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

"ಶ್ವಾಸಕೋಶದ ಒಳಗಲ್ಲಮ್ಮ, ಸುತ್ತ," ಅಂದರು ಡಾಕ್ಟರು,
"ಎರಡು ಪೊರೆಯ ನಡುವೆ, ಕೀವು."
ಒದ್ದೆ ಬಾಳೆಲೆ ಎರಡು ಅಂಟಿಕೊಂಡಂಥ ಜಾಗವಂತೆ.
ಅಲ್ಲಿ ಹೇಗೆ ಹಿಡಿಯಿತು ಇಷ್ಟು?
ಬರೀ ಕೆಮ್ಮು ಅಂತ ಒಂಬತ್ತು ದಿನ
ಮೆಡಿಕಲ್ ಸ್ಟೋರಿನ ಗುಲಾಬಿ ಸಿರಪ್ಪು ಕುಡಿಸಿದೆ.
ಮುಚ್ಚಳದ ಗೆರೆವರೆಗೆ,
ಸರಿಯಾಗಿ ಅಳೆದೇ ಕುಡಿಸಿದೆ.

ಮೂರನೇ ದಿನ ಹದಿನೈದೇ ಎಂಎಲ್.
ಹಿಗ್ಗಿದೆ.
ಜ್ವರ ಮಾತ್ರ ಇಳಿಯಲಿಲ್ಲ.
ಸ್ಕ್ಯಾನಿನ ಪರದೆ ತೋರಿಸಿದರು: ಜೇಡ ನೇಯ್ದ ಹಾಗೆ
ಒಳಗೆಲ್ಲ ಗೋಡೆ, ಕೋಣೆ ಕೋಣೆಯಲ್ಲಿ ಕೀವು ಕೂತಿದೆ.
ಕಡಿಮೆ ಅನ್ನುವುದೂ ಸುಳ್ಳು ಹೇಳುತ್ತದೆ,
ಡೇರಿಯಲ್ಲಿ ಇದನ್ನು ನಾನು ಕಲಿತಿರಲಿಲ್ಲ.

ಪೈಪಿನಲ್ಲೇ ಔಷಧಿ ಬಿಟ್ಟು ಕ್ಲಿಪ್ಪು ಹಾಕಿದರು, ನಾಲ್ಕು ಗಂಟೆ.
"ಬಾಟ್ಲಿ ಎದೆಗಿಂತ ಮೇಲೆತ್ತಬೇಡಿ, ಯಾವತ್ತೂ,"
ಅಂದರು ಸಿಸ್ಟರ್ ಬೆನೆಡಿಕ್ಟಾ.
ಬಿಚ್ಚಿದಾಗ ಧುಮುಕಿತು. ನೂರಾ ತೊಂಬತ್ತು.
ಬಾಟ್ಲಿಗೆ ಅಂಟಿಸಿದ ಪಟ್ಟಿಯಲ್ಲಿ ಗೆರೆ ಎಳೆದು
ವೇಳೆ ಬರೆದದ್ದು ನಾನೇ.
ಪೆನ್ನು ಕೇಳಿದೆ, ಕೊಟ್ಟರು.

ರಾತ್ರಿ ಮೊಬೈಲ್ ಬೆಳಕು ಬಿಟ್ಟು ಬಗ್ಗಿ ನೋಡುತ್ತೇನೆ.
ಅವಳು ಉಸಿರೆಳೆದರೆ ಕೊಳವೆಯ ನೀರು ಏರುತ್ತದೆ,
ಬಿಟ್ಟರೆ ಇಳಿಯುತ್ತದೆ.
ಐದು ವರ್ಷ ಮಗ್ಗುಲಲ್ಲೇ ಮಲಗಿಸಿಕೊಂಡರೂ
ಇವಳ ಉಸಿರನ್ನು ಹೀಗೆ ಕಣ್ಣಾರೆ ಕಂಡಿರಲಿಲ್ಲ.

ಹನ್ನೆರಡನೇ ದಿನ ಎಂಟು ಎಂಎಲ್, ತಿಳಿ.
ನಂಬಲಿಲ್ಲ ನಾನು. ಇನ್ನೊಂದ್ಸಲ ಸ್ಕ್ಯಾನ್ ಮಾಡಿ ಸಾರ್ ಅಂದೆ.
ನಕ್ಕರು. ಮಾಡಿದರು.
"ಉಸಿರು ಬಿಗಿ ಹಿಡಿ ಪುಟ್ಟಿ" ಅಂದು
ಸರ್ರನೆ ಎಳೆದು ದಾರ ಬಿಗಿದರು.
ಅವಳಿಗಿಂತ ಮೊದಲು ನಾನೇ ಕೂಗಿಕೊಂಡೆ.

ಸೂಜಿಮದ್ದು ಇನ್ನೂ ಇದೆ, ಎಂಟು ಗಂಟೆಗೊಮ್ಮೆ.
ದಿನಕ್ಕೆ ಹತ್ತು ಸಲ ಬಲೂನು ಊದಿಸಬೇಕಂತೆ.
ಹಸಿರು ಬಲೂನು, ನಿಂಬೆಹಣ್ಣಿನ ಗಾತ್ರಕ್ಕೆ ಬಂದು
ಪುಸ್ ಅನ್ನುತ್ತದೆ.
"ಎಷ್ಟಾಯ್ತವ್ವಾ?"
ಗೊತ್ತಿಲ್ಲ ಕಣೆ.
ಇನ್ನೊಂಚೂರು ಊದು.