ಮೂರು ಮಿಲಿ

ಏಳಿಂಚು ಹಾಕು, ಜೀರೋ ಆಫ್‌ಸೆಟ್ಟು,
ಎದೆ ಸೆಟೆಸಿ ಹೊರಗೆ ನಿಲ್ಲಲಿ ಚಕ್ರ
ಅಂತ ಜಬೀವುಲ್ಲಾ.
ಐದೂವರೆ ಸಾಕು ಮಾರಾಯ, ಅಂತ ನಾನು.
ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಕೊನೇ ಸಾಲಿನ ಶೆಡ್ಡಿನಲ್ಲಿ
ಮೂರು ವಾರದಿಂದ ಇದೇ ಜಗಳ.
ನಡುವೆ ಇಟ್ಟಿಗೆಯ ಮೇಲೆ ಕೂತಿದೆ ಕಾರು:
ಓಮ್ನಿಯ ಎಂಜಿನ್ನು, ಅದರದೇ ಹಿಂದಿನ ಆಕ್ಸಲ್ಲು,
ಕೊಯಮತ್ತೂರಿನಿಂದ ಲಾರಿಯಲ್ಲಿ ಬಂದ ಫೈಬರ್ ಮೈ.
ಚಾಸಿ ಮಾತ್ರ ನನ್ನ ಕೈಯದು.

ಆಫ್‌ಸೆಟ್ ಅಂದ್ರೆ ಏನಜ್ಜ, ಅಂದ ಟೀ ಹುಡುಗ.
ಚಕ್ರದ ಅಗಲಕ್ಕೆ ನಟ್ಟನಡುವೆ ಒಂದು ಗೆರೆ, ಕಾಣುವುದಿಲ್ಲ.
ಹಬ್ಬು ಅದನ್ನು ಹಿಡಿದುಕೊಳ್ಳುವ ಜಾಗ ಇನ್ನೊಂದು, ಕಾಣುತ್ತದೆ.
ಅವೆರಡರ ನಡುವಿನ ದೂರ.
ಅಷ್ಟೇನಾ? ಅಷ್ಟೇ.
ಗ್ಲಾಸು ಎಣಿಸಿಕೊಂಡು ಹೋದ.

ಜಬೀವುಲ್ಲಾನ ಮಗಳು ತಸ್ಕೀನ್, ಪಾಲಿಟೆಕ್ನಿಕ್ಕಿನ ಎರಡನೇ ವರ್ಷ,
ಶಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಳು.
ಈಗ ಸಾಲ ತಂದು ಸಿಕ್ಕಿಸಿರುವುದು ಆರಿಂಚು, ಪ್ಲಸ್ ಮೂವತ್ತೈದು.
ಅಬ್ಬಾ ಕೇಳುವುದು ಏಳು, ಸೊನ್ನೆ.
ಹೆಚ್ಚಿದ ಇಂಚಿನಲ್ಲಿ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ;
ಬಿಟ್ಟುಕೊಟ್ಟ ಆಫ್‌ಸೆಟ್ಟು ಪೂರಾ ಹೊರಕ್ಕೆ.
ಕೂಡಿದರೆ ನಲವತ್ತೆಂಟು ಮಿಲಿ, ಅಬ್ಬಾ.
ಕಾರು ಹೊರಡೋ ಮುಂಚೆ ಟೈರು ಸಾಗರ ಮುಟ್ಟಿರ್ತದೆ.
ಬೇರಿಂಗಿನ ಗತಿ ಬೇರೆ.
ಅವನು ಗಡ್ಡ ಕೆರೆದುಕೊಂಡ:
ಲೆಕ್ಕ ಸರಿ. ನೋಟ?

ಮಡ್‌ಗಾರ್ಡಿನ ಒಳಬಾಯಿಗೆ ಎರಡೂ ಕಡೆ
ಚಪಾತಿ ಹಿಟ್ಟು ಮೆತ್ತಿದೆವು, ಟೈರಿಗೆ ಎಣ್ಣೆ ಸವರಿ.
ಇಟ್ಟಿಗೆ ತೆಗೆದು, ಎರಡು ಚೀಲ ಸಿಮೆಂಟು ಹೇರಿ,
ಅದರ ಮೇಲೆ ವೆಲ್ಡರ್ ಚೌಡಪ್ಪ,
ಚೌಡಪ್ಪನ ಮೇಲೆ ಅವನ ಭಾವಮೈದ.
ಸ್ಪ್ರಿಂಗು ನರಳಿತು. ಎಲ್ಲರೂ ಇಳಿದರು.
ತಸ್ಕೀನ್ ಹಿಟ್ಟು ಬಿಡಿಸಿ, ಉಳಿದ ದಪ್ಪಕ್ಕೆ ಕ್ಯಾಲಿಪರ್ ಹಿಡಿದಳು.
ಎಡಕ್ಕೆ ಒಂಬತ್ತು.
ಬಲಕ್ಕೆ ಮೂರು.
ಮತ್ತೆ ಹಿಡಿದಳು.

ಒಂಬತ್ತು, ಮೂರು: ಅಂದರೆ ಆಕ್ಸಲ್ಲೇ
ಮೂರು ಮಿಲಿ ಬಲಕ್ಕೆ ಸರಿದು ಕೂತಿದೆ.
ಯಾರೂ ನನ್ನ ಕಡೆ ನೋಡಲಿಲ್ಲ,
ಅದಕ್ಕೇ ಗೊತ್ತಾಯಿತು, ಎಲ್ಲರೂ ಯೋಚಿಸುತ್ತಿರುವುದು ನನ್ನನ್ನೇ.

ಪೆಟ್ಟಿಗೆ ತೆಗೆದೆ. ನನ್ನ ಹಿತ್ತಾಳೆ ಪಟ್ಟಿ.
ಭದ್ರಾವತಿಯ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತೊಂದು ವರ್ಷ
ತೇಗದ ಅಚ್ಚು ಕೆತ್ತಿದ್ದು ಇದರಲ್ಲೇ.
ಕಾದು ನೀರಾದ ಕಬ್ಬಿಣ ಆರುವಾಗ ಕುಗ್ಗುತ್ತದೆ,
ನೂರಕ್ಕೆ ಒಂದು.
ಆ ಕುಗ್ಗುವಿಕೆಗೆ ಮೊದಲೇ ಜಾಗ ಬಿಡಬೇಕು,
ಹಾಗಾಗಿ ನಮ್ಮ ಪಟ್ಟಿಯ ಮಿಲಿ ತುಸು ಉದ್ದ.
ಒಂದನ್ನೇ ನೋಡಿದರೆ ತಿಳಿಯದು,
ಪಕ್ಕಕ್ಕೆ ಅಂಗಡಿಯ ಪಟ್ಟಿ ಇಡಬೇಕು.
ಇಟ್ಟೆ.
ಮಧ್ಯಗೆರೆಯಿಂದ ಬಲ ಬ್ರಾಕೆಟ್ಟಿಗೆ ಮುನ್ನೂರು ಅಂತ
ನಾನು ಗೀಚಿದ್ದು ಮುನ್ನೂರಮೂರು.
ಎಡದ್ದನ್ನು ಆಕ್ಸಲ್ ಇಟ್ಟೇ ಗುರುತು ಮಾಡಿದ್ದೆ,
ಅದೂ ಹಿಂದೆ ಹಿಂದೆ ಬಂತು.

ಹೇಳಿದೆ.
ಜಬೀವುಲ್ಲಾ ಪಟ್ಟಿಯನ್ನು ಬೆಳಕಿಗೆ ಹಿಡಿದು
ಇದು ಆರಿ ಎಷ್ಟೋ ವರ್ಷ ಆದ ಕಬ್ಬಿಣ, ಉಸ್ತಾದ್,
ಇನ್ನೆಲ್ಲಿಗೆ ಕುಗ್ಗುತ್ತೆ, ಅಂದ.
ನಕ್ಕಿದ್ದರೆ ಚೆನ್ನಾಗಿತ್ತು.

ಒಂದು ಕಡೆ ಸ್ಪೇಸರ್ ಕೊಟ್ಟು ಮುಚ್ಚಿಬಿಡಬಹುದು,
ನೋಡಿದವರಿಗೆ ಗೊತ್ತಾಗಲ್ಲ, ಅಂದ ಚೌಡಪ್ಪ ಮೆಲ್ಲಗೆ.
ಬೇಡ ಅಂದೆ. ಗ್ರೈಂಡರ್ ನಾನೇ ಹಿಡಿದೆ.
ನನ್ನ ಬೆಸುಗೆ ಕೆಟ್ಟದ್ದಲ್ಲ,
ಬಿಡಿಸಲು ಎರಡು ಡಿಸ್ಕು ಸವೆದವು.

ಸಂಜೆಗೆ ಎಡಕ್ಕೆ ಆರು, ಬಲಕ್ಕೆ ಆರು.
ಸಾಲ ತಂದ ಆರಿಂಚಿನ ಚಕ್ರವೇ ಸರಿಹೋಯಿತು,
ಅವನು ಕೇಳಿದ್ದೂ ಅಲ್ಲ, ನಾನು ಕೇಳಿದ್ದೂ ಅಲ್ಲ.
ಸ್ವಲ್ಪ ಪೆಚ್ಚಾಗಿ ಇಬ್ಬರೂ ಅದಕ್ಕೆ ನಟ್ಟು ಬಿಗಿದೆವು.

ಒಂಬತ್ತು ಮಿಲಿಯ ಹಿಟ್ಟನ್ನು ಶೆಡ್ಡಿನ ನಾಯಿ ತಿಂದಿತು.
ಮೂರರದ್ದು ಒಣಗಿ ಹಪ್ಪಳದಂತೆ
ಕಿಟಕಿಯ ಮೇಲಿದೆ,
ಟೈರಿನ ಗೆರೆ ಹಾಗೇ ಮೂಡಿ.