ತೋರಿಸುವ ಬಲೆ

ಪರವಾನಗಿಯಲ್ಲಿ ದೋಣಿಗೆ ಹೆಸರಿದೆ, ನಂಬರಿದೆ,
ಎಂಜಿನ್ನಿಗೆ ಎಷ್ಟು ಕುದುರೆಯ ಬಲವೆಂದು ಬರೆದಿದೆ,
ಮಾಲೀಕ ಪುರ್ಸೊ ದುರ್ಗೇಕರನ ಫೋಟೋ ಇದೆ,
ಕ್ಷೌರ ಮಾಡಿಸಿಕೊಂಡ ದಿನ ತೆಗೆದದ್ದು.
ಬಲೆ ಹೆಣೆದವನಿಗೆ ಕಾಲಂ ಇಲ್ಲ.
ಇರಲಿ. ನನಗೂ ಸಹಿ ಸರಿಯಾಗಿ ಬರುವುದಿಲ್ಲ,
ಬಲಗೈಯ ಎರಡು ಬೆರಳನ್ನು ವಿಂಚು ತಿಂದ ಮೇಲೆ
ಬೈತಖೋಲದ ಈ ಶೆಡ್ಡೇ ನನ್ನ ಕಡಲು.

ಜೂನ್ ಒಂದರಿಂದ ನೀರಿಗೆ ಬೀಗ. ಎರಡು ತಿಂಗಳು.
ಬಾಣಂತಿಯ ಕೋಣೆಗೆ ಯಾರಾದರೂ ನುಗ್ಗುತ್ತಾರೆಯೆ
ಎನ್ನುತ್ತಿದ್ದಳು ಆಯಿ, ಸರ್ಕಾರ ಹೇಳುವ ಮೊದಲೇ.
ಆಗ ನೂಲ ಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟ ಮೇಲೇ
ದೋಣಿ ಮರಳಿನಿಂದ ಏಳುತ್ತಿತ್ತು.
ಈಗ ಆಗಸ್ಟ್ ಒಂದಕ್ಕೆ.
ಆಫೀಸಿನ ಗೋಡೆಗೆ ಚಂದ್ರ ಕಾಣುವುದಿಲ್ಲ.

ಬಲೆಯ ತುದಿಚೀಲದ ಕಣ್ಣು ಮೂವತ್ತೈದು ಮಿಲಿಮೀಟರ್.
ಕಿರಿದಾದರೆ ದಂಡ, ಮತ್ತೆ ಕಿರಿದಾದರೆ
ಪರವಾನಗಿ ಅಮಾನತು, ಡೀಸೆಲ್ಲಿನ ರಿಯಾಯಿತಿ ಬಂದ್.
ನನ್ನಪ್ಪನಿಗೆ ಮಿಲಿಮೀಟರ್ ಗೊತ್ತಿರಲಿಲ್ಲ:
ಎರಡು ಬೆರಳು ಹೊಕ್ಕು ಆರಾಮಾಗಿ ತಿರುಗಬೇಕು, ಅಷ್ಟೆ.
ನನಗೆ ಆ ಎರಡೇ ಬೆರಳಿಲ್ಲ.

ಹಾಗಾಗಿ ಪುರ್ಸೊನಿಗೆ ಎರಡು ಬಲೆ ಹೆಣೆಯುತ್ತೇನೆ,
ಒಂದು ತೋರಿಸುವ ಬಲೆ, ಒಂದು ಹಾಕುವ ಬಲೆ.
ತೋರಿಸುವುದು ಮೇಲೆ, ಬಿಸಿಲು ಕಾಯಿಸುತ್ತ,
ಮಡಿಕೆ ಮುರಿಯದ ಸೀರೆಯ ಹಾಗೆ ಹಸಿರು.
ಹಾಕುವುದು ಕೆಳಗೆ, ಐಸಿನ ಪೆಟ್ಟಿಗೆಯ ಹಿಂದೆ.
ಅದರ ಕಣ್ಣಲ್ಲಿ ನನ್ನ ಕಿರುಬೆರಳೂ ತೂರುವುದಿಲ್ಲ.
ಅದರಲ್ಲಿ ಬರುವ ಬಂಗಡೆ ನೋಡಿದ್ದೀರಾ?
ಬೀಡಿಯಷ್ಟುದ್ದ.
ಯಾರ ತಾಟಿಗೂ ಬರುವುದಿಲ್ಲ ಅದು,
ಸಲಿಕೆಯಲ್ಲಿ ಎತ್ತಿ ಲಾರಿಗೆ, ಲಾರಿಯಿಂದ ಹುಡಿಯ ಮಿಲ್ಲಿಗೆ.

ಮೇ ಕೊನೆಗೆ ಹೊಸ ಇನ್ಸ್‌ಪೆಕ್ಟರ್ ಬಂದಳು, ನೀಲಾಂಬಿಕಾ,
ಹಾನಗಲ್ಲ ಕಡೆಯ ಹುಡುಗಿ,
ಹಲಗೆ ದಾಟುವಾಗ ಇನ್ನೂ ಉಸಿರು ಹಿಡಿಯುತ್ತಾಳೆ.
ಲೈಫ್ ಜಾಕೆಟ್ ಎಣಿಸಿದಳು,
ನಂಬರಿನ ಬಣ್ಣ ಉಗುರಿನಿಂದ ಕೆರೆದು ನೋಡಿದಳು,
ತೋರಿಸುವ ಬಲೆಗೆ ಅಳತೆಪಟ್ಟಿ ತೂರಿಸಿ
ಸರಿ ಎಂದು ಬರೆದುಕೊಂಡಳು.
ಇಳಿಯುವಾಗ ಪೆಟ್ಟಿಗೆಯ ಹಿಂದಿನ ಒಂದು ಎಳೆ
ಅವಳ ಚಪ್ಪಲಿಗೆ ಸಿಕ್ಕಿತು.
ಬಗ್ಗಿದಳು. ಅಳೆಯಲಿಲ್ಲ, ಗಂಟು ನೋಡಿದಳು.
ನನ್ನ ಗಂಟಿಗೆ ಒಂದು ಸುತ್ತು ಹೆಚ್ಚು,
ಬೆರಳು ಕಡಿಮೆಯಾದವನ ಗಂಟು.
ಎರಡು ಬಲೆಗೂ ಅದೇ.

ಪುರ್ಸೊ ಚಹಾ ತರಿಸಿದ. ಅದರ ಮೇಲೆ ಕೆನೆ ಕಟ್ಟಿತು.
ದಂಡದ ಪಾವತಿ ಹರಿದು ಕೊಟ್ಟಳು, ಬಲೆ ಜೀಪಿಗೆ ಹಾಕಿಸಿದಳು,
ಹೋಗುವಾಗ ನನ್ನ ಶೆಡ್ಡಿನ ಮುಂದೆ ನಿಂತು
"ಅಜ್ಜಾ, ಇದು ನಿಮ್ಮ ಕೈ ಅಲ್ಲೇನ್ರೀ?" ಎಂದಳು.
ನಿನಗೂ ದಂಡ ಎಂದಿದ್ದರೆ ಸುಲಭವಿತ್ತು.

ಜುಲೈ. ಕಾಳಿಯ ಕೆಂಪು ನೀರು ಕಡಲೊಳಗೆ
ಎಷ್ಟೋ ದೂರ ಕೆಂಪಾಗಿಯೇ ಹೋಗುತ್ತಿತ್ತು.
ಪುರ್ಸೊ ನೈಲಾನ್ ಉಂಡೆ ತಂದ. ಈ ಸಲವೂ ಎರಡು ಎಂದ.
ನಾನು ಇಲ್ಲ ಎನ್ನಲಿಲ್ಲ. ಅಕ್ಕಿ ಡಬ್ಬಿಯ ತಳ ಕಾಣುತ್ತಿತ್ತು.
ಹೆಣೆದೆ ಎರಡನ್ನೂ. ಹಾಕುವ ಬಲೆಯಲ್ಲಿ ಮಾತ್ರ
ಅಲ್ಲಲ್ಲಿ, ಲೆಕ್ಕವಿಡದೆ, ಒಂದೊಂದು ಗಂಟು ಬಿಟ್ಟೆ.
ಎರಡು ಬೆರಳಗಲ.
ಕಂಡವರು ಮುದುಕನಿಗೆ ಕಣ್ಣು ಮಂಜು ಎನ್ನಲಿ.

ಆಗಸ್ಟ್ ಒಂದರ ನಸುಕಿಗೆ ದೋಣಿ ಹೊರಟಿತು,
ಹೊಸ ಬಣ್ಣದ ನಂಬರು, ಪ್ಲಾಸ್ಟಿಕ್ಕಿನೊಳಗೆ ಪರವಾನಗಿ.
ದೀಪಸ್ತಂಭದ ದ್ವೀಪ ದಾಟುವವರೆಗೆ ನೋಡಿದೆ.
ಆ ಕಂಡಿಗಳು ಮರಿಗಳಿಗೆ ಸಿಕ್ಕವೋ ಇಲ್ಲವೋ,
ಕತ್ತಲ ನೀರಲ್ಲಿ ಕಣ್ಣಿಗೆ ಕಣ್ಣು ಕಂಡಿತೋ ಇಲ್ಲವೋ,
ಮೀನು ಬಂದು ಹೇಳುವುದಿಲ್ಲ.

ಮೂರನೇ ದಿನ ಪುರ್ಸೊ ಕೂಲಿ ಎಣಿಸಿದ,
ನೂರು ರೂಪಾಯಿ ಹಿಡಿದುಕೊಂಡ.
ಯಾಕೆಂದು ಅವನು ಹೇಳಲಿಲ್ಲ.
ನಾನು ಕೇಳಲಿಲ್ಲ.