ಕೊಂಡಿ

ಬಿಜ್ಜರಗಿ ಸಿಸ್ಟರ್ ಪದಗಳನ್ನು ಕಬ್ಬಿನಂತೆ
ಗೆಣ್ಣು ನೋಡಿ ಮುರಿಯುತ್ತಾರೆ.
ತುದಿಗೆ ‘ಐಟಿಸ್’ ಇದ್ದರೆ ಉರಿ, ಬಾವು.
‘ಆಲ್ಜಿಯಾ’ ಇದ್ದರೆ ಬರೀ ನೋವು.
ಬುಡದಲ್ಲಿ ‘ಹೈಪರ್’ ಕೂತರೆ ಅತಿಯಾಯಿತು,
‘ಹೈಪೋ’ ಕೂತರೆ ಸಾಲದಾಯಿತು.
ಬಾಗಲಕೋಟೆಯಿಂದ ಬರುವ ಬಸ್ಸಿನಲ್ಲಿ
ಅಮೀನಗಡ ದಾಟುವ ತನಕ ನನಗೆ ಇದೇ ಬಾಯಿಪಾಠ.

ಇಳಕಲ್ಲಿನ ಮನೆಯಲ್ಲಿ ಅವ್ವ
ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು
ಸೀರೆಯ ಒಡಲಿಗೆ ಸೆರಗಿನ ಎಳೆ
ಒಂದೊಂದೇ ಕೊಂಡಿ ಹಾಕಿ ಕೂಡಿಸುತ್ತಾಳೆ.
‘ಅನೀಮಿಯಾ ಅಂದ್ರೇನ?’
ತನ್ನ ಚೀಟಿಯಲ್ಲಿದ್ದದ್ದು, ಕೇಳಿದಳು.
‘ಅನ್ ಅಂದ್ರ ಇಲ್ಲ. ಉಳಿದದ್ದು ರಕ್ತ.’
‘ಫಾರ್ಮಿನ್ಯಾಗ ನನ್ನ ಹೆಸರಿನ ಮುಂದ
ಅನಕ್ಷರಸ್ಥೆ ಅಂತ ಬರೀತಾರಲ್ಲ,
ಆ ಅನ್ ಏನು?’
ಅದೇ, ಅವ್ವ.
ಪರೀಕ್ಷೆಗೆ ಕೂತಿದ್ದರೆ
ನನಗಿಂತ ಹೆಚ್ಚು ಅಂಕ ನಿನಗೆ.

ಮೊನ್ನೆ ದವಾಖಾನೆಯ ಕಾಗದದಲ್ಲಿ
ಒಂದು ಉದ್ದನೆಯ ಪದ.
‘ಹಿಸ್ಟರ್’ ಅಂದೆ, ‘ಗರ್ಭಚೀಲ.’
ಉಳಿದರ್ಧ ಹೆಬ್ಬೆರಳಿನ ಕೆಳಗೆ ಮುಚ್ಚಿತ್ತು.
ಇಂಗ್ಲಿಷ್ ಅವಳಿಗೆ ಬಾರದು;
ಬೆರಳು ಮಾತ್ರ ಓದಿದಳು.
‘ಒಡಲು ತಿಳೀತು.
ಸೆರಗಿನ್ಯಾಗ ಏನೈತಿ?’
‘ಎಕ್ಟಮಿ.’
‘ಹಂಗಂದ್ರ?’
‘ಕೊಯ್ದು ತೆಗೆಯೂದು.’

ಎಳೆ ಅವಳ ಬೆರಳಲ್ಲೇ ನಿಂತಿತು.
ಹೊರಗೆ ಯಾರೋ ಬಣ್ಣದ ನೂಲು ಹರವುತ್ತಿದ್ದರು,
ಗೋಡೆಯಾಚೆ ಇನ್ನೊಂದು ಮಗ್ಗ
ಖಟ್ ಖಟ್ ಅನ್ನುತ್ತಲೇ ಇತ್ತು.
‘ನೀನೂ ನಿನ್ನ ತಮ್ಮನೂ
ಅಲ್ಲಿಂದ ಹೊರಗ ಬಂದಾತಲ್ಲ,’ ಅಂದಳು.
ಆಮೇಲೆ, ‘ತಗದಮ್ಯಾಲೆ
ಎಷ್ಟ ದಿನಕ್ಕ ಕುಣಿಗೆ ಇಳೀಬಹುದು?
ಅದನ್ನ ಹೇಳೂ ತುದಿ
ಯಾವುದರ ಐತೇನು?’

ನೋಟ್‌ಬುಕ್ಕಿನ ಕೊನೆಯ ಪುಟದ ತನಕ ಹುಡುಕಿದೆ.
ಅವ್ವ ಎಣಿಕೆ ತಪ್ಪಿಸಿಕೊಂಡಿದ್ದಳು,
ಒಂದರಿಂದ ಮತ್ತೆ ಶುರು ಮಾಡಿದಳು.